ಖಾಲಿ ಹೊಟ್ಟಿ

ಪ್ರಣಿತಾ ಬಾಳ ಶಾಣ್ಯಾ ಹುಡುಗಿ, ಕೂಡಿಸಿದಲ್ಲೇ ಕೂಡ್ತದ, ಹಟ ಇಲ್ಲ, ಕಿರಿಕಿರಿ ಇಲ್ಲ ಅಂತ ಅಕ್ಕಲಕೋಟೆಯ ಮಂದಿಯೆಲ್ಲ ಹೊಗಳಿದ್ದು ನೆನಪಾದರೆ ಶುಭಾಂಗಿಗೆ ಈಗ ಮೈ ಉರಿಯುತ್ತದೆ. ಮಂದಿಗೇನು, ಬಾಯಿಗೆ ಬಂದದ್ದು ಅಂತಾರೆ. ತಾನು ಹಿಗ್ಗಿದ್ದಳಲ್ಲ, ಅದಕ್ಕೇನು ಹೇಳೋದು? ಲಗ್ನದ ಮನೆಗಳಲ್ಲಿ ಉಳಿದವರ ಮಕ್ಕಳು ಕುರ್ಚಿ ಕೆಡವುತ್ತ, ಜಿಲೇಬಿಯ ಕೈ ಕಂಡವರ ಸೀರೆಗೆ ಒರಸುತ್ತ ಓಡಾಡುವಾಗ ತನ್ನ ಮಗಳು ಮಗ್ಗಲಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. "ಏನ್ ವಳಣ ಹಚ್ಚೀರಿ ವೈನಿ ಹುಡುಗಿಗಿ" ಅಂತ ಮಗಳ ನಡತೆ ಹೊಗಳಿದವರ ಮುಂದೆ ಸೆರಗು ಸರಿ ಮಾಡಿಕೊಂಡು, "ಮೊದಲಿಂದ ಹಂಗ ಅದಾಳ್ರಿ ಆಕಿ" ಅನ್ನುತ್ತಿದ್ದಳು. ಎಲ್ಲಿಯ ಮೊದಲಿಂದ? ನಾಲ್ಕು ವರ್ಷದವಳಿದ್ದಾಗ ಅಪ್ಪನ ಅಡತಿ ದುಕಾನದಲ್ಲಿ ತೊಗರಿ ಚೀಲದ ಥಪ್ಪಿ ಹತ್ತಿ, ಮೇಲಿಂದ ಹಮಾಲರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಹುಡುಗಿ ಇವಳೇ. ಆ ಹುಡುಗಿ ಎಲ್ಲಿ ಹೋದಳು ಅಂತ ತಾಯಿಯಾದವಳು ಒಂದು ದಿನವಾದರೂ ಕೇಳಬೇಕಿತ್ತು. ಕೇಳಲಿಲ್ಲ. ಸುಮ್ಮನಿರುವ ಮಗಳು ಯಾರಿಗೆ ಬೇಡ.

ಸೋಲಾಪುರದ ಮಕ್ಕಳ ದವಾಖಾನೆಯ ಕಟ್ಟಿಗೆಯ ಬಾಕಿನ ಮೇಲೆ ಕೂತು ಇದನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು. ಶನಿವಾರ, ಕಾಲಿಡಲು ಜಾಗವಿಲ್ಲ. ಗಂಡ ಯೋಗಿರಾಜ ಇವರಿಬ್ಬರನ್ನೂ ಗೇಟಿನ ಹತ್ತಿರ ಇಳಿಸಿ, "ಆತಂದ್ರ ಫೋನ್ ಮಾಡು" ಅಂದು ಗಾಡಿ ತಿರುಗಿಸಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋಗಿದ್ದ. ಅವನು ಒಳಗೆ ಬರುವವನಲ್ಲ. ದವಾಖಾನೆಯ ವಾಸನೆ ಆಗಿಬರುವುದಿಲ್ಲವಂತೆ. ಕಾಳಿಗೆ ಹೊಡೆಯುವ ಪೌಡರಿನ ವಾಸನೆಯಲ್ಲಿ ದಿನವಿಡೀ ಕೂಡುವ ಮನುಷ್ಯ. ವಾರದ ಮೊದಲು ಕೊಟ್ಟ ರಕ್ತದ ರಿಪೋರ್ಟು ಇವತ್ತು ಒಳಗೆ ಡಾಕ್ಟರ್‌ಬಾಯಿಯ ಟೇಬಲ್ಲಿನ ಮೇಲಿದೆ. ಅದರಲ್ಲಿ ಏನಿದೆಯೋ ಅನ್ನುವುದಕ್ಕಿಂತ, ಏನಿದ್ದರೆ ಏನು ಹೇಳಬೇಕು ಅನ್ನುವುದನ್ನೇ ಶುಭಾಂಗಿ ಜೋಡಿಸಿಕೊಳ್ಳುತ್ತಿದ್ದಳು. ಮಗ್ಗಲಲ್ಲಿ ಸಲಗರ ಬುದ್ರುಕ ಊರಿನ ಹೆಂಗಸೊಬ್ಬಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಪ್ರಣಿತಾಳನ್ನು ಕೆಳಗಿನಿಂದ ಮೇಲೆ ನೋಡಿ, "ಎಷ್ಟರಾಕಿ ರಿ ಈಕಿ?" ಅಂದಳು. "ಆರು ಮುಗೀತು" ಅಂದಳು ಶುಭಾಂಗಿ. ಯಾವಾಗಲೂ ಹಾಗೇ ಹೇಳುವುದು. ನಿಜ ಹೇಳಿದರೆ ಎದುರಿನವರ ಕಣ್ಣು ಹುಡುಗಿಯ ಎತ್ತರ ಅಳೆಯುತ್ತದೆ, ಆಮೇಲೆ ತಾಯಿಯ ಮುಖಕ್ಕೆ ಬರುತ್ತದೆ, ಆಮೇಲೆ "ಅಯ್ಯ ಪಾಪ" ಬರುತ್ತದೆ. ಆ ಪಾಪ ಕೇಳುವುದಕ್ಕಿಂತ ಮೂರು ವರ್ಷ ನುಂಗುವುದು ಹಗುರ. ಆದರೆ ಇವತ್ತು, "ಒಂಬತ್ತು" ಅಂದಳು ಪ್ರಣಿತಾ.

ಶುಭಾಂಗಿ ಅವಳ ತೊಡೆ ಚಿವುಟಿದಳು. ಚಿವುಟಿದ ಮೇಲೆ ಗೊತ್ತಾಯಿತು ಏನಾಯಿತೆಂದು. ಹುಡುಗಿ ತಾನಾಗಿ ಮಾತಾಡಿದ್ದಳು. ಮೊದಲಾದರೆ ಒಂದು ಪ್ರಶ್ನೆ ಕೇಳಿದರೆ ಅದು ಅವಳ ಕಿವಿಯಿಂದ ಒಳಗೆ ಇಳಿದು, ಎಲ್ಲೋ ಹೋಗಿ ಕೂತು, ಮತ್ತೆ ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಚಹಾ ಕುಡಿದು ಎದ್ದು ಹೋಗಿರುತ್ತಿದ್ದರು. ಸಾಲಿಯ ಟೀಚರ್‌ಬಾಯಿ ಅದಕ್ಕೇ ಬೈದು ಬೈದು ಸಾಕಾಗಿ, ಈಕಿನ್ನ ಒಂದು ವರ್ಗ ಹಿಂದ ಹಾಕ್ರಿ ಅಂದಿದ್ದಳು. ಈಗ ನೋಡಿದರೆ ಕೇಳಿದ ಕೂಡಲೇ ಒಂಬತ್ತು. ಶುಭಾಂಗಿಗೆ ಅಪ್ಪಿಕೊಳ್ಳಬೇಕು ಅನಿಸಿತು, ಆದರೆ ಚಿವುಟಿದ ಕೈ ಇನ್ನೂ ಅಲ್ಲೇ ಇತ್ತು. ಹುಡುಗಿ ತೊಡೆ ಉಜ್ಜಿಕೊಳ್ಳುತ್ತ ತಾಯಿಯ ಮುಖವನ್ನೇ ನೋಡಿದಳು. ಅಳಲಿಲ್ಲ. ಸಲಗರದ ಹೆಂಗಸು ಮೂಗಿನೊಳಗೆ ನಕ್ಕು ಕೂಸಿನ ಟೊಪ್ಪಿಗೆ ಸರಿ ಮಾಡಿದಳು.

ಹುಡುಗಿಗೆ ಐದು ನಡೆಯುವಾಗ ರೋಗ ಶುರುವಾಗಿದ್ದು. ಒಂದು ಮುಂಜಾನೆ ರೆಪ್ಪೆ ಬಾತು ಕಣ್ಣು ಸೀಳಿನಷ್ಟೇ ಕಾಣುತ್ತಿದ್ದವು. ಅತ್ತೆ ಅಕ್ಕನಾಗಮ್ಮ ಏನೋ ಹುಳ ಮುಟ್ಟಿದೆ ಅಂತ ಅರಿಷಿಣ ಹಚ್ಚಿದಳು. ಆಮೇಲೆ ಕಾಲು ಬಾತವು, ಹೊಟ್ಟೆ ಬಾತಿತು, ಉಚ್ಚೆಗೆ ಕೂತರೆ ಲಘವಿಯಲ್ಲಿ ನೊರೆ ನಿಂತಿತು. ಕಿಡ್ನಿಯ ರೋಗ, ಮೈಯೊಳಗಿನ ಪ್ರೋಟೀನ್ ಲಘವಿಯಲ್ಲಿ ಸೋರಿಹೋಗುತ್ತದೆ, ಮಕ್ಕಳಿಗೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ ಅಂದಳು ಡಾಕ್ಟರ್‌ಬಾಯಿ. ದಿನಾ ಮುಂಜಾನೆ ಲಘವಿಯಲ್ಲಿ ಅದ್ದಿ ನೋಡಲು ಕಾಗದದ ಪಟ್ಟಿ ಕೊಟ್ಟಳು: ಹಳದಿ ಉಳಿದರೆ ಸಮಾಧಾನ, ಹಸಿರಿಗೆ ತಿರುಗಿದರೆ ದವಾಖಾನೆ. ಸ್ಟಿರಾಯ್ಡ್ ಗೋಳಿ ಶುರುವಾಯಿತು. ಹುಡುಗಿಯ ಮುಖ ಹೋಳಿಗೆಯ ಹಾಗೆ ಉಬ್ಬಿತು, ಗಲ್ಲ ಕೆಂಪಾದವು. ಓಣಿಯವರು ಗಲ್ಲ ಹಿಂಡಿ ಹಿಂಡಿ ಮುದ್ದು ಮಾಡಿದರು. ಅಕ್ಕನಾಗಮ್ಮನಿಗೆ ಮಾತ್ರ ಆ ಗೋಳಿಯೇ ಮೊಮ್ಮಗಳನ್ನು ತಿನ್ನುತ್ತಿದೆ ಅನಿಸಿತು. ಒಂದು ದಿನ ಗೋಳಿಯ ಪಾಕೀಟನ್ನು ಹಿತ್ತಲಿಗೆ ಒಗೆದು, ಹುಡುಗಿಯನ್ನು ಕಟ್ಟಿಕೊಂಡು ಮರವಡೆ ಊರಿಗೆ ಹೋಗಿ, ಅಲ್ಲಿ ಯಾರೋ ಕೊಡುವ ಬೇರಿನ ಕಷಾಯ ತಂದಳು. ಕಷಾಯ ಕುಡಿದ ಹುಡುಗಿ ಎರಡೇ ವಾರದಲ್ಲಿ ಉಸಿರಾಡಲು ಆಗದಷ್ಟು ಬಾತು ಸೋಲಾಪುರದ ಹಾಸಿಗೆಗೆ ಬಂದು ಬಿದ್ದಳು. ಅಷ್ಟಾದರೂ ಆ ಮುದುಕಿ ಕಷಾಯಕ್ಕೆ ಪಥ್ಯ ಸರಿಯಾಗಲಿಲ್ಲ ಅಂತಲೇ ಹೇಳುತ್ತಿದ್ದಳು.

ಆಗ ನಡುವೆ ಬಂದವನು ಬಸಯ್ಯ ಸ್ವಾಮಿ, ಮನೆತನದ ಅಯ್ನೋರು, ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಬಾವಿಗೆ ಜಾಗ ನೋಡುವ ತನಕ ಎಲ್ಲಕ್ಕೂ ಬೇಕಾದವನು. ಪಡಸಾಲೆಯಲ್ಲಿ ಕೂತು, ಅತ್ತೆಯ ಮಾತು ಕೇಳಿ, ಸೊಸೆಯ ಮಾತು ಕೇಳಿದ ಹಾಗೆ ಮಾಡಿ, ಒಂದು ದಾರಿ ಹೇಳಿದ. "ಗೋಳಿ ಡಾಕ್ಟರ್ದು ಇರಲಿ, ಕೈ ಹಿರೇರದು ಇರಲಿ. ಹುಡುಗಿಗಿ ದೀಕ್ಷಾ ಮಾಡೂಣು. ದಿನಾ ಲಿಂಗಪೂಜಿ ಆದಮ್ಯಾಗ ತೀರ್ಥದ ಜೋಡಿ ಗೋಳಿ ಕೊಡ್ರಿ. ಅಂದ್ರ ಅದು ಬರೇ ಔಷಧ ಉಳಿಯಂಗಿಲ್ಲ, ಪ್ರಸಾದ ಆಗತದ." ಯೋಗಿರಾಜ ಕೈಮುಗಿದ, ಮನೆಯೊಳಗಿನ ಜಗಳ ಮುಗಿಯುವುದಾದರೆ ಅವನು ಕಂಬಕ್ಕೂ ಕೈಮುಗಿಯುವವನು. ಶುಭಾಂಗಿ ಕೂಡಲೇ ಒಪ್ಪಿದಳು. ಎಷ್ಟು ಲಗೂ ಒಪ್ಪಿದಳೆಂದರೆ ಅಕ್ಕನಾಗಮ್ಮನಿಗೇ ಸಂಶಯ ಬಂದು ಒಂದು ಗಳಿಗೆ ಸೊಸೆಯ ಮುಖ ನೋಡಿದಳು. ಮಗಳು ಉಳಿಯಲಿ ಅಂತ ಒಪ್ಪಿದೆ ಅಂತ ಶುಭಾಂಗಿ ತವರಿಗೆ ಫೋನ್ ಮಾಡಿ ಹೇಳಿಕೊಂಡಳು. ಅದೂ ಇತ್ತು. ಆದರೆ ಅದರ ತಳಕ್ಕೆ ಇನ್ನೊಂದಿತ್ತು: ನಾಳೆ ಹೆಚ್ಚುಕಡಿಮೆಯಾದರೆ ಗೋಳಿ ಕೊಟ್ಟ ಕೈ ತನ್ನದಲ್ಲ. ಆ ಒಂದು ಸಮಾಧಾನಕ್ಕೆ ಮಗಳ ಮುಂಜಾವುಗಳನ್ನೆಲ್ಲ ಮುದುಕಿಗೆ ಬರೆದುಕೊಟ್ಟಳು. ಅವತ್ತಿನಿಂದ ಲಘವಿ ಸೊಸೆಯ ಪಾಲಿಗೆ, ತೀರ್ಥ ಅತ್ತೆಯ ಪಾಲಿಗೆ.

ಮತ್ತು ತೀರ್ಥ ಅಂದರೆ ಹನಿಯಲ್ಲ, ಗುಟುಕಲ್ಲ. ಅಕ್ಕನಾಗಮ್ಮ ಮೊಮ್ಮಗಳ ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ತನ್ನ ಕೈಯಾರೆ ಕಾಸಿ ಆರಿಸಿದ ಆಕಳ ಹಾಲನ್ನು ಅದರ ಮೇಲೆ ಹುಯ್ದು ಕೆಳಗೆ ಬೆಳ್ಳಿಯ ಬಟ್ಟಲಲ್ಲಿ ಹಿಡಿಯುತ್ತಿದ್ದಳು. ಹುಡುಗಿ ಸೊರಗಿದ್ದಾಳೆ ಅಂತ ಬಟ್ಟಲು ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಆ ಹಾಲಿನ ಜೋಡಿ ಸ್ಟಿರಾಯ್ಡು, ಎಲುಬಿಗೆಂದು ಕೊಟ್ಟ ಕ್ಯಾಲ್ಸಿಯಂ, ಗೋಳಿಗಳೆಲ್ಲ ಒಳಗೆ ಹೋಗುತ್ತಿದ್ದವು. ಹುಡುಗಿ ಕುಡಿದು ಮುಗಿಸುವ ತನಕ ಮುದುಕಿ ತುಟಿಯೊಳಗೆ ಏನೋ ಅನ್ನುತ್ತ ಕಣ್ಣು ಮುಚ್ಚಿರುತ್ತಿದ್ದಳು. ಮೊಮ್ಮಗಳ ಸಲುವಾಗಿ ಹರಕೆ ಹೊತ್ತು ತಾನು ಹಾಲು ಹಾಕಿದ ಚಹಾ ಬಿಟ್ಟವಳು ಅವಳು. ಆ ಹಾಲಿನ ಚಹಾ ಇಲ್ಲದೆ ದಿನವಿಡೀ ತಲೆ ಹಿಡಿದುಕೊಂಡು ಕೂಡುವುದನ್ನು ಶುಭಾಂಗಿ ನೋಡಿದ್ದಾಳೆ. ಪ್ರೀತಿ ಇಲ್ಲ ಅಂತ ಹೇಳಲು ಬರುವಂತಿದ್ದರೆ ಎಷ್ಟು ಸಸಾರ ಇತ್ತು.

ಎಪ್ರಿಲ್‌ನಲ್ಲಿ, ಸೋಲಾಪುರದ ಡಾಂಬರು ಚಪ್ಪಲಿಗೆ ಅಂಟುವಾಗ, ಹುಡುಗಿ ಸ್ವೆಟರ್ ಕೇಳುತ್ತಿದ್ದಳು. ಕೂದಲು ಬಾಚಣಿಗೆಯಲ್ಲಿ ಉಂಡೆ ಉಂಡೆ ಬರುತ್ತಿತ್ತು. ದನಿ ದಪ್ಪಾಗಿ ದೊಡ್ಡ ಹೆಂಗಸಿನ ದನಿಯ ಹಾಗಾಗಿತ್ತು. ಹೊರಕಡೆಗೆ ಹೋಗಲು ಒಂದೊಂದು ಸಲ ವಾರ. ಎಲ್ಲಕ್ಕೂ ಆ ಸ್ಟಿರಾಯ್ಡೇ ಕಾರಣ ಅಂತ ಮನೆಯಲ್ಲಿ ಇತ್ಯರ್ಥವಾಗಿತ್ತು. ಬಾಗಿಲ ಚೌಕಟ್ಟಿನ ಮೇಲೆ ಹಾಕಿದ ಎತ್ತರದ ಗೆರೆ ದಾಟದೆ ಹುಡುಗಿ ಅಲ್ಲೇ ನಿಂತಾಗಲೂ ಅದೇ ಮಾತು. ಹೋದ ವರ್ಷ ಡಾಕ್ಟರ್‌ಬಾಯಿ ಗಂಟಲು ಮುಟ್ಟಿ, ಮೊಣಕಾಲಿಗೆ ರಬ್ಬರಿನ ಸುತ್ತಿಗೆ ತಟ್ಟಿ, ರಕ್ತದ ತಪಾಸಣೆ ಬರೆದುಕೊಟ್ಟಾಗ ಬಂದ ಹೆಸರು ಥೈರಾಯ್ಡ್. "ಅದು ಹೆಂಗಸರಿಗಿ ಬರೂದಲ್ಲಾ?" ಅಂದ ಯೋಗಿರಾಜ ಫೋನಿನಲ್ಲಿ. ಪ್ರೋಟೀನ್ ಸೋರಿಹೋಗುವಾಗ ಅದರ ಬೆನ್ನು ಹತ್ತಿ ಥೈರಾಯ್ಡಿನ ಸತ್ವವೂ ಸೋರಿಹೋಗುತ್ತದೆ, ಇಂಥ ಮಕ್ಕಳಲ್ಲಿ ನೋಡುತ್ತಲೇ ಇರಬೇಕು, ಬಿಟ್ಟರೆ ಎತ್ತರವೂ ನಿಲ್ಲುತ್ತದೆ, ಬುದ್ಧಿಯೂ ಮಂದವಾಗುತ್ತದೆ ಅಂತ ಡಾಕ್ಟರ್‌ಬಾಯಿ ಚಿತ್ರ ಬಿಡಿಸಿ ಹೇಳಿದ್ದಳು. ಸಾಸಿವೆಗಿಂತ ಚೂರು ದೊಡ್ಡ ಬಿಳಿ ಗೋಳಿ. ಖಾಲಿ ಹೊಟ್ಟಿಗೆ, ಬರೇ ನೀರಿನ ಜೋಡಿ, ಅಂದಿದ್ದಳು. ಮನೆಗೆ ಬಂದು ಹೇಳಿದಾಗ ಅಕ್ಕನಾಗಮ್ಮ, "ಪೂಜಿಕಿಂತ ಮೊದಲ ನಮ್ಮ ಮನ್ಯಾಗ ಯಾರ ಹೊಟ್ಟಿ ತುಂಬಿರತದ? ಅದು ಖಾಲಿ ಹೊಟ್ಟೀನ" ಅಂದಳು. ಶುಭಾಂಗಿಗೂ ಹೌದಲ್ಲ ಅನಿಸಿತು. ತೀರ್ಥ ತಗೊಂಡರೆ ಉಂಡ ಹಾಗೆಯೇ? ಅವಳು ಹುಟ್ಟಿದ ಮನೆಯಲ್ಲೂ ತೀರ್ಥವನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿದದ್ದಿಲ್ಲ. ಗೋಳಿ ಅತ್ತೆಯ ಡಬ್ಬಿಗೆ ಹೋಯಿತು.

ಗೋಳಿ ಹತ್ತಿದರೆ ಇಳಿಯಬೇಕಾದ ರಕ್ತದ ನಂಬರು ತಿಂಗಳುಗಟ್ಟಲೆ ಇಳಿಯಲಿಲ್ಲ. ಡಾಕ್ಟರ್‌ಬಾಯಿ ಗೋಳಿ ಹೆಚ್ಚಿಸಿದಳು, ಮತ್ತೆ ಹೆಚ್ಚಿಸಿದಳು. ದಿವಾಳಿಯ ಮುಂದೆ ಒಂದು ದಿನ ಪೆನ್ನು ಕೆಳಗಿಟ್ಟು, ಬಾಗಿಲು ತೆರೆದೇ ಇದೆ, ಹೊರಗೆ ಮಂದಿ ಕೂತಿದ್ದಾರೆ ಅನ್ನುವುದನ್ನೂ ನೋಡದೆ, "ಖರಂ ಸಾಂಗಾ, ಗೋಳಿ ದೇತಾ ಕೀ ನಾಹೀ?" ಅಂದಳು. ನಿಜ ಹೇಳಿ, ಗೋಳಿ ಕೊಡ್ತೀರೋ ಇಲ್ಲೋ. ದಿನಾ ಕೊಡ್ತೀವಿ ಅಂದಳು ಶುಭಾಂಗಿ. ಖಾಲಿ ಹೊಟ್ಟೆಗೆ? ಹೌದು, ಖಾಲಿ ಹೊಟ್ಟೆಗೆ. ಬಸವಣ್ಣನ ಆಣೆ ಮಾಡಿಸಿದ್ದರೂ ಅದನ್ನೇ ಹೇಳುತ್ತಿದ್ದಳು. ಹೊರಗೆ ಬಂದಾಗ ಬಾಕಿನ ಮೇಲಿನವರೆಲ್ಲ ಒಂದೇ ಸಲ ಕಾಲು ಮಡಚಿ ದಾರಿ ಬಿಟ್ಟರು, ಮಗಳಿಗೆ ಗೋಳಿ ಕೊಡದ ತಾಯಿಗೆ. ಆ ದಿನ ಮನೆಗೆ ಬಂದು ಪಾತ್ರೆ ತಿಕ್ಕುತ್ತ ಅತ್ತಳು. ಯಾಕ ಅಳತಿ ಅಂತ ಕೇಳಿದ ಯೋಗಿರಾಜ ಉತ್ತರ ಬರುವ ಮುಂಚೆ ಟಿವಿಯ ದನಿ ಏರಿಸಿದ.

ಆಮೇಲೆ ಒಂದು ಸೋಮವಾರ. ಉಪವಾಸದ ದಿನ. ಪಕ್ಕದ ಮನೆಯ ಸುಗಲಾಬಾಯಿ ಮೆಂತ್ಯಪಲ್ಯ ಸೋಸುತ್ತ ಚಹಾಕ್ಕೆ ಕರೆದಾಗ, "ಬ್ಯಾಡ ರಿ, ಮುಂಜಾನಿಂದ ಏನೂ ತಗೊಂಡಿಲ್ಲ, ಒಮ್ಮೆಲೆ ಸಂಜಿಗೇ" ಅಂದಳು. ಅಂದು ಮುಗಿಸಿ ತುಟಿ ಸವರಿಕೊಂಡಾಗ ಮೇಲಿನ ತುಟಿಯ ಅಂಚಿಗೆ ಹಾಲಿನ ಕೆನೆ ಒಣಗಿತ್ತು. ಈಗಷ್ಟೇ ಒಂದು ಬಟ್ಟಲು ತೀರ್ಥ ಕುಡಿದು ಬಂದಿದ್ದಳು. ಏನೂ ತಗೊಂಡಿಲ್ಲ. ಹೊಸ್ತಿಲ ಮೇಲೆ ಹಾಗೇ ನಿಂತಳು. ಮಗಳ ಖಾಲಿ ಹೊಟ್ಟೆಯೂ ಇಂಥದ್ದೇ. ಮನೆಗೆ ಹೋಗಿ ಫೋನಿನಲ್ಲಿ ಮರಾಠಿಯಲ್ಲಿ ಹುಡುಕಿದಳು. ಥೈರಾಯ್ಡಿನ ಗೋಳಿ ಹಾಲಿನ ಜೋಡಿ ಬೇಡ, ಕ್ಯಾಲ್ಸಿಯಂ ಗೋಳಿಯ ಜೋಡಿ ಬೇಡ, ಒಳಗೆ ಹೀರಿಕೊಳ್ಳುವುದಿಲ್ಲ, ಕೊಟ್ಟೂ ಕೊಡದ ಹಾಗೆ. ಮುದುಕಿ ಆ ಮೂರನ್ನೂ ಒಂದೇ ಬಟ್ಟಲಲ್ಲಿ ಕೊಡುತ್ತಿದ್ದಳು. ವರ್ಷಗಟ್ಟಲೆ ತಾನು ಹಸಿರು ಹಳದಿ ಪಟ್ಟಿ ನೋಡಿದ್ದಾಯಿತು, ಬಟ್ಟಲಲ್ಲಿ ಏನಿದೆ ಅಂತ ನೋಡಲಿಲ್ಲ. ನೋಡುವ ಹಕ್ಕನ್ನೇ ಬಿಟ್ಟುಕೊಟ್ಟಿದ್ದಳಲ್ಲ.

ಅತ್ತೆಗೆ ಹೇಳಲಿಲ್ಲ ಅಂತಲ್ಲ. ಹೇಳಿದಳು. ಡಾಕ್ಟರ್ ಹೇಳ್ಯಾರ ರಿ, ಥೈರಾಯ್ಡಿನ ಗೋಳಿ ಒಂದ ಪೂಜಿಕಿಂತ ಒಂದು ತಾಸು ಮೊದಲ ಕೊಡೂಣು, ಬರೇ ನೀರಿನಾಗ, ಅಂದಳು. "ಹಂಗಾದ್ರ ಲಿಂಗ ತೆಗದು ಇಡು" ಅಂದಳು ಅಕ್ಕನಾಗಮ್ಮ. "ಲಿಂಗಕ್ಕ ತೋರಸದ ಬಾಯಾಗ ಹಾಕೂದಾದ್ರ ಕೊಳ್ಳಾಗ ಅದು ಯಾಕ? ನಿಮ್ಮ ಸೋಲಾಪುರದ ತವರಮನ್ಯಾಗ ನಡೀತಿರಬೇಕು." ಆ ದಿನ ಮುದುಕಿ ಉಣ್ಣಲಿಲ್ಲ. ಮರುದಿನವೂ ಇಲ್ಲ. ತೊಂಬತ್ತು ಕೆಜಿ ಚೀಲವನ್ನು ಕಣ್ಣಲ್ಲೇ ತೂಗುವ ಯೋಗಿರಾಜ ಅವ್ವನ ತಾಟಿನ ಮುಂದೆ ಕೂಸಿನ ಹಾಗೆ ಕೂತು, ಹೆಂಡತಿಯ ಕಡೆ ತಿರುಗಿ, "ಒಂದು ತಾಸಿನಾಗ ಏನ್ ಜಗಾ ಮುಳಗತದ, ಬಿಡಬಾರದೇನು" ಅಂದ. ಬಿಟ್ಟಳು. ಕ್ಯಾಲ್ಸಿಯಂ ಗೋಳಿಯನ್ನಷ್ಟೇ ಹೇಗೋ ಸಂಜೆಗೆ ಸರಿಸಿಕೊಂಡಳು. ಆಮೇಲೆ ಸೋಲಾಪುರದಿಂದ ಹೋಮಿಯೋಪತಿಯ ಸಕ್ಕರೆ ಗುಳಿಗೆ ತಂದು ಅತ್ತೆಯ ಡಬ್ಬಿಯಲ್ಲಿನ ಥೈರಾಯ್ಡ್ ಬಾಟಲಿಗೆ ತುಂಬಿ, ಖರೇ ಗೋಳಿಗಳನ್ನು ತನ್ನ ಸೀರೆಗಳ ಕೆಳಗೆ ಇಟ್ಟುಕೊಂಡಳು. ಕಣ್ಣಿಗೆ ಪೊರೆ ಬಂದ ಮುದುಕಿಗೆ ಬಿಳಿ ಎಲ್ಲ ಒಂದೇ. ದಿನಾ ನಸುಕಿನಲ್ಲಿ ಎದ್ದು, ನಿದ್ದೆಯಲ್ಲಿರುವ ಮಗಳ ತಲೆ ಎತ್ತಿ, ಗೋಳಿ ಇಟ್ಟು, ನೀರು ಹನಿಸಿ, ಗಂಟಲು ನುಂಗಿದ್ದು ನೋಡಿ ಮತ್ತೆ ಮಲಗಿಸುತ್ತಿದ್ದಳು. ಪೂಜೆಗೆ ಕೂತಾಗ ಅಕ್ಕನಾಗಮ್ಮ ದಿನಾ ಕೇಳುವ ಮಾತನ್ನು ಕೇಳುತ್ತಿದ್ದಳು, ಬಾಯಾಗ ಏನೂ ಹಾಕ್ಕೊಂಡಿಲ್ಲಲ್ಲ ಅಂತ. ಹುಡುಗಿ ಉತ್ತರ ಹುಡುಕುತ್ತ ಕೂತಿರುವಾಗ ಶುಭಾಂಗಿ ಅಡಿಗೆಮನೆಯಿಂದ, "ಏನೂ ಇಲ್ರಿ ಅತ್ತಿ, ಈಗ ಎದ್ದಾಳ" ಅನ್ನುತ್ತಿದ್ದಳು. ಸುಳ್ಳು ತನ್ನದು. ಹುಡುಗಿಗೆ ಅದು ನಿದ್ದೆಯೊಳಗಿನ ನೀರು, ಅಷ್ಟೇ.

ಒಳಗೆ ಕರೆದಾಗ ಡಾಕ್ಟರ್‌ಬಾಯಿ ರಿಪೋರ್ಟನ್ನು ಎರಡು ಸಲ ತಿರುಗಿಸಿ ನೋಡಿದಳು. ನಂಬರು ಇಳಿದಿತ್ತು. ಇಳಿದದ್ದಷ್ಟೇ ಅಲ್ಲ, ಇಳಿಯಬೇಕಾದ್ದಕ್ಕಿಂತ ಕೆಳಗೆ ಹೋಗಿತ್ತು. ಪ್ರಣಿತಾಳ ಎದೆಗೆ ಸ್ಟೆಥೋಸ್ಕೋಪ್ ಹಚ್ಚಿ, ಎದೆಬಡಿತ ಜೋರಾಗಿದೆ, ಗೋಳಿ ಹೆಚ್ಚಾಗಿದೆ, ಇನ್ನು ಮುಂದೆ ಅರ್ಧ ಸಾಕು ಅಂದಳು. ಆಮೇಲೆ ಶುಭಾಂಗಿಯನ್ನೇ ನೋಡುತ್ತ, ಅದೇ ಗೋಳಿ, ಅಷ್ಟೇ ಗೋಳಿ, ಒಂದು ವರ್ಷ ಹತ್ತದೆ ಇದ್ದದ್ದು ಈಗ ಹೆಂಗ ಹತ್ತಿತು, ಏನು ಬದಲು ಮಾಡಿದಿರಿ ಅಂತ ಕೇಳಿದಳು. ಹೇಳಬಹುದಿತ್ತು. ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬಟ್ಟಲು, ಹಾಲು, ಲಿಂಗ, ಎರಡು ದಿನದ ಉಪವಾಸ, ಸಕ್ಕರೆ ಗುಳಿಗೆ, ಇದೆಲ್ಲ ಈ ಎಸಿ ಕೋಣೆಯಲ್ಲಿ, ಮರಾಠಿಯಲ್ಲಿ, ಹೇಗೆ ಹೇಳುವುದು? ಹೇಳಿದರೆ ತಮ್ಮ ಮನೆ ಎಂಥದ್ದು ಅಂತ ಈ ಹೆಂಗಸಿಗೆ ಗೊತ್ತಾಗುತ್ತದೆ. ಅತ್ತೆಯ ಮಾನ ಹೋಗಲಿ, ತನ್ನದೂ ಹೋಗುತ್ತದೆ. "ಕಾಹೀ ನಾಹೀ ಮ್ಯಾಡಂ" ಅಂದಳು. ಏನಿಲ್ಲ. "ಅಂದ್ರ ಆಗ ನೀವು ಗೋಳಿ ಬರೋಬರಿ ಕೊಡ್ತಿದ್ದಿಲ್ಲ" ಅನ್ನುವ ಅರ್ಥದ ಮಾತನ್ನು ಡಾಕ್ಟರ್‌ಬಾಯಿ ಮೆಲ್ಲಗೆ ಅಂದಳು. ಸಿಟ್ಟೂ ಇರಲಿಲ್ಲ, ಇಂಥವರನ್ನು ದಿನಾ ನೋಡುವ ಬೇಸರ ಇತ್ತು. ಶುಭಾಂಗಿ ತಲೆ ತಗ್ಗಿಸಿ, "ನಡುನಡುವ ತಪ್ಪುತಿತ್ತು" ಅಂತ ಒಪ್ಪಿಕೊಂಡಳು. ಮಾಡದ ತಪ್ಪು ಒಪ್ಪುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ. ಮಾಡಿದ್ದನ್ನು ಅದರ ಕೆಳಗೆ ಮುಚ್ಚಿಡಲು ಬರುತ್ತದೆ.

ಏಳುವಾಗ ಡಾಕ್ಟರ್‌ಬಾಯಿ ಚೀಟಿ ಬರೆಯುತ್ತ, ತಲೆ ಎತ್ತದೆ, ಮುಂಜಾನೆ ಸಾಲಿ ಗಡಿಬಿಡಿಯಲ್ಲಿ ತಪ್ಪುವುದಾದರೆ ರಾತ್ರಿ ಕೊಡಿ, ಊಟವಾಗಿ ಮೂರು ತಾಸು ಬಿಟ್ಟು, ಮಲಗುವ ಮುಂಚೆ, ಅದೂ ನಡೆಯುತ್ತದೆ, ಎಷ್ಟೋ ಜನ ಕೊಡುತ್ತಾರೆ ಅಂದಳು. ಶುಭಾಂಗಿ ಕುರ್ಚಿ ಹಿಡಿದು ನಿಂತಳು. ರಾತ್ರಿ. ರಾತ್ರಿ ಕೊಟ್ಟರೆ ಪೂಜೆಯ ಪ್ರಶ್ನೆಯೇ ಇಲ್ಲ. ತೀರ್ಥ ಬೆಳಿಗ್ಗೆ ಅದರ ಪಾಡಿಗೆ ಅದು. ಮುದುಕಿ ಉಪವಾಸ ಬೀಳುವುದಿಲ್ಲ, ಬಾಟಲಿಯಲ್ಲಿ ಸಕ್ಕರೆ ಬೇಡ, ನಸುಕಿನಲ್ಲಿ ಕಳ್ಳಿಯ ಹಾಗೆ ಏಳುವುದು ಬೇಡ. ಖರೇ ಮಾತು ಒಂದು ಸಲ ಈ ಟೇಬಲ್ಲಿನ ಮುಂದೆ ಹೇಳಿದ್ದರೆ ಅವತ್ತೇ ಈ ಉತ್ತರ ಸಿಗುತ್ತಿತ್ತು. "ನೆಕ್ಸ್ಟ್" ಅಂದಳು ಬಾಗಿಲ ನರ್ಸ್.

ಗಾಡಿಯಲ್ಲಿ ಯೋಗಿರಾಜ ರಿಪೋರ್ಟ್ ಛಲೋ ಬಂದಿದೆ ಅನ್ನುವಷ್ಟನ್ನೇ ಕೇಳಿ, ಉಳಿದದ್ದನ್ನು ಕೇಳದೆ, ಸ್ಪೀಕರ್ ಹಚ್ಚಿ ಅವ್ವನಿಗೆ ಫೋನ್ ಮಾಡಿದ. ಆ ಕಡೆಯಿಂದ ಮುದುಕಿ ಅಳುವುದು ಕೇಳಿಸಿತು. "ನಾ ಹೇಳಿದ್ದಿಲ್ಲೇನು ಯೋಗಿ, ತೀರ್ಥ ಕೈ ಬಿಡಂಗಿಲ್ಲ ಅಂತ." "ಹೌದವ್ವ" ಅಂದ ಯೋಗಿರಾಜ, ಅವನ ಕಣ್ಣಲ್ಲೂ ನೀರು. ಹಿಂದೆ ಪ್ರಣಿತಾ ಗಾಜಿಗೆ ಮೂಗು ಒತ್ತಿಕೊಂಡು ಸಕ್ಕರೆ ಕಾರಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ಎಣಿಸುತ್ತಿದ್ದಳು, ಎಣಿಸುವುದು ಯಾರೂ ಹೇಳಿದ್ದಲ್ಲ. ಶುಭಾಂಗಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಲ್ಲ, ನಾನು ಮಾಡಿದ್ದು ಅನ್ನಬೇಕು ಅನಿಸಿತು. ನನ್ನ ಕೈ ಅದು, ನಸುಕಿನಲ್ಲಿ, ನೀವೆಲ್ಲ ಗೊರಕೆ ಹೊಡೆಯುವಾಗ. ಡಾಕ್ಟರ್‌ಬಾಯಿಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ತುರುಕಿದಳು.

ಮನೆಯಲ್ಲಿ ಬಸಯ್ಯ ಸ್ವಾಮಿ ಆಗಲೇ ಬಂದು ಕೂತಿದ್ದ. ಅಕ್ಕನಾಗಮ್ಮ ಓಣಿಗೆಲ್ಲ ಪೇಢೆ ಹಂಚಿಸಿ, ಹುಡುಗಿಯನ್ನು ಅಯ್ನೋರ ಮುಂದೆ ನಿಲ್ಲಿಸಿ, "ಮಾತಾಡ್ಸಿ ನೋಡ್ರಿ, ಹೆಂಗ ಚುರುಕ ಆಗ್ಯಾಳ" ಅಂದಳು. ಬಸಯ್ಯ ಪ್ರಣಿತಾಳ ತಲೆಯ ಮೇಲೆ ಕೈ ಇಟ್ಟು, ಭಕ್ತಿ ಇದ್ದಲ್ಲಿ ಔಷಧಕ್ಕೂ ದಾರಿ ಸಿಗತದ ಅಂತ ಅಕ್ಕನಾಗಮ್ಮನಿಗೇ ಹೇಳಿದ. ನೆರೆಯವರು ಮುದುಕಿಯ ಕಾಲು ಮುಟ್ಟಿದರು. ಸುಗಲಾಬಾಯಿ ಶುಭಾಂಗಿಯ ಕಡೆ ತಿರುಗಿ, "ಪುಣ್ಯಾ ಮಾಡೀರಿ ನೋಡ್ರಿ, ಇಂಥಾ ಅತ್ತಿ ಸಿಗೂದಂದ್ರ" ಅಂದಳು. "ಹೂಂ ರಿ" ಅಂದು ಶುಭಾಂಗಿ ಎಲ್ಲರಿಗೂ ಚಹಾ ಕೊಟ್ಟಳು. ಹಾಲಿಲ್ಲದ ಚಹಾದ ಕಪ್ಪನ್ನು ಅತ್ತೆಯ ಮುಂದೆ ಇಡುವಾಗ ಮುದುಕಿ ಅವಳ ಮುಂಗೈ ಹಿಡಿದು, "ನೀನೂ ಬಾಳ ತ್ರಾಸ ತಗೊಂಡೀದಿ, ಲಘವಿ ಅದು ಇದು" ಅಂದಳು. ಮುದುಕಿ ಮನಸ್ಸಿನಿಂದಲೇ ಅಂದದ್ದು. ಅದಕ್ಕೇ ಶುಭಾಂಗಿಗೆ ಆ ಕೈಯನ್ನು ಕೊಡವಿ ಹಾಕಬೇಕು ಅನಿಸಿತು.

ದೀಪ ಹಚ್ಚಿದ ಮೇಲೆ ಕಪಾಟಿನ ಮುಂದೆ ನಿಂತು ಸೀರೆಗಳ ಕೆಳಗೆ ಕೈ ಹಾಕಿದಳು. ಅರ್ಧ ಮಾಡಿದ ಗೋಳಿಗಳನ್ನು ಕಾಗದದಲ್ಲಿ ಸುತ್ತಿಟ್ಟಳು. ನಾಳೆ ನಸುಕಿನಲ್ಲಿ ಏಳಬೇಕಾಗಿಲ್ಲ. ನಾಳೆಯಿಂದ ರಾತ್ರಿ ಮಲಗುವಾಗ, ಎಲ್ಲರ ಎದುರಿಗೆ, ಡಾಕ್ಟರ್ ಹೇಳ್ಯಾರ ಅಂತ ಹೇಳಿಯೇ ಕೊಡಬಹುದು. ಮುದುಕಿ ರಾತ್ರಿಯ ಗೋಳಿಗೆ ಬೇಡ ಅನ್ನುವುದಿಲ್ಲ. ಜಗಳವಿಲ್ಲ, ಸುಳ್ಳಿಲ್ಲ, ಮಗಳ ನಿದ್ದೆ ಕೆಡಿಸುವುದಿಲ್ಲ. ಎಷ್ಟು ಸುಲಭ. ಸುಲಭ ಅಂತ ಅನಿಸಿದ ಕೂಡಲೇ ಒಳಗೆ ಏನೋ ಬೇಡ ಅಂದಿತು. ಏನದು ಅಂತ ತನಗೆ ತಾನೇ ಕೇಳಿಕೊಂಡಳು, ಉತ್ತರ ಬಹಳ ದೂರವೇನೂ ಇರಲಿಲ್ಲ. ದಿನಾ ಮುಂಜಾನೆ ಆ ಮುದುಕಿ ಕಣ್ಣು ಮುಚ್ಚಿ ಬಟ್ಟಲು ಹಿಡಿಯುವಾಗ, ನಿನಗಿಂತ ಮೊದಲು ನನ್ನ ಕೈ ಹುಡುಗಿಯ ಬಾಯಿಗೆ ಹೋಗಿದೆ ಅಂದುಕೊಂಡು ರೊಟ್ಟಿ ತಟ್ಟುವ ಸುಖ ಒಂದಿತ್ತು. ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಇವತ್ತು ಮುದುಕಿ ತನ್ನ ತೀರ್ಥದ ಹೆಸರಲ್ಲಿ ಪೇಢೆ ಹಂಚಿಸಿದ ಮೇಲೆ ಅದನ್ನೂ ಬಿಟ್ಟುಕೊಡುವುದೇ? ಬೇಡ. ಇಷ್ಟರಮಟ್ಟಿಗೆ ತಾನು ಕೆಟ್ಟವಳು ಅಂತ ಅವಳಿಗೆ ಗೊತ್ತಾಯಿತು, ಗೊತ್ತಾಗಿಯೂ ಕಪಾಟಿನ ಬಾಗಿಲು ಮುಚ್ಚಿದಳು.

ನಸುಕಿನಲ್ಲಿ ಅಲಾರಾಮಿನ ಗಂಟೆಯಿಲ್ಲದೆ ಎಚ್ಚರವಾಯಿತು. ಅರ್ಧ ಗೋಳಿ ತೆಗೆದುಕೊಂಡು, ಮಗಳ ತಲೆ ಎತ್ತಿ, ಇಟ್ಟು, ನೀರು ಹನಿಸಿದಳು. ಗಂಟಲು ನುಂಗಿತು. ಕಣ್ಣು ಮುಚ್ಚಿಯೇ ಇದ್ದವು.

ಬಿಸಿಲು ಅಂಗಳಕ್ಕೆ ಇಳಿದಾಗ ಅಕ್ಕನಾಗಮ್ಮ ಸ್ನಾನ ಮುಗಿಸಿ, ಮಣೆ ಹಾಕಿ, ಬಟ್ಟಲು ಇಟ್ಟು ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡಳು. ಶುಭಾಂಗಿ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. "ಬಾಯಾಗ ಏನೂ ಹಾಕ್ಕೊಂಡಿಲ್ಲಲ್ಲ?" ಅಂದಳು ಮುದುಕಿ. ಶುಭಾಂಗಿ ದಿನದ ಹಾಗೆ ಬಾಯಿ ತೆರೆದಳು.

"ಇಲ್ಲಜ್ಜಿ," ಅಂದಳು ಪ್ರಣಿತಾ. "ಏನೂ ತಿಂದಿಲ್ಲ. ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸೀನಿ ಅಷ್ಟ. ನೀರು ಸುದ್ದಾ ನುಂಗಿಲ್ಲ. ಬೇಕಾದ್ರ ಮಮ್ಮಿಗಿ ಕೇಳು."

ಶುಭಾಂಗಿಗೆ ಮೊದಲು ಆದದ್ದು ಸಂತೋಷ. ಎಷ್ಟು ವರ್ಷವಾಯಿತು ಈ ಹುಡುಗಿ ತಡವರಿಸದೆ, ಒಂದರ ಹಿಂದೆ ಒಂದು, ಇಷ್ಟು ಮಾತಾಡಿ. ಆಮೇಲೆ ಕೈಯಲ್ಲಿನ ಹಿಟ್ಟು ತಣ್ಣಗಾಯಿತು. ಈಕೆ ನಿದ್ದೆಯಲ್ಲಿರಲಿಲ್ಲ. ಇಷ್ಟು ದಿನ ಒಂದು ದಿನವೂ ನಿದ್ದೆಯಲ್ಲಿರಲಿಲ್ಲವೇನೋ. ನೀರಿನ ಮಾತನ್ನಂತೂ ಯಾರೂ ಕಲಿಸಿಕೊಟ್ಟಿರಲಿಲ್ಲ, ಅದು ಅವಳದೇ. ಬಾಗಿಲಿಗೆ ಬಂದು ನೋಡಿದಳು. ಅತ್ತೆ ಇತ್ತ ತಿರುಗಿದ್ದಳು, ಮಗಳೂ ತಿರುಗಿದ್ದಳು. ಪ್ರಣಿತಾಳ ಮುಖದಲ್ಲಿ ಅಂಜಿಕೆ ಇರಲಿಲ್ಲ. ಗಣಿತ ಬಿಡಿಸಿ ಪಾಟಿಯನ್ನು ಟೀಚರ್‌ಬಾಯಿಯ ಮುಂದೆ ಹಿಡಿದ ಹುಡುಗಿಯ ಹಾಗೆ, ಬರೋಬರಿ ಅಂತ ಅನಿಸಿಕೊಳ್ಳಲು ಕಾಯುತ್ತಿದ್ದಳು.

"ಹೌದ್ರಿ ಅತ್ತಿ," ಅಂದಳು ಶುಭಾಂಗಿ.

ಪ್ರಣಿತಾ ಎಡಗೈ ಚಾಚಿದಳು. ಅಕ್ಕನಾಗಮ್ಮ ಆ ಅಂಗೈಯ ಮೇಲೆ ಲಿಂಗ ಇಟ್ಟು, ಕಣ್ಣು ಮುಚ್ಚಿ, ಹಾಲು ಹುಯ್ಯತೊಡಗಿದಳು.